ಎಲ್ಲರೂ ಚೆಂದ ಅಂತಾರೆ, ಕೊಳ್ಳುವವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಲೆಯ ಆನ್‌ಲೈನ್ ಮಾರಾಟದ್ದೇ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದ ಕಡೆ ಒಬ್ಬರದನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಯಾರದ್ದೂ ಹಾಕಿಲ್ಲ. ನಾನು ಲಿನೋಕಟ್ ಪ್ರಿಂಟ್ ಮಾಡಿ ಮಾರುವವಳು, ಅಂದರೆ ಲಿನೋ ಹಾಳೆಯಲ್ಲಿ ಚಿತ್ರ ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಒತ್ತುವುದು. ತೆರಿಗೆಯ ಪ್ರಶ್ನೆ ಕೇಳಿದವರು ದಯವಿಟ್ಟು ಲೆಕ್ಕಪತ್ರ ನೋಡುವವರ ಹತ್ತಿರ ಹೋಗಿ, ನನ್ನ ಮಾತು ನಂಬಿಕೊಂಡು ಕೂರಬೇಡಿ.

ಪ್ರಶ್ನೆ: ಮೇಡಂ, ನಾನು ಜಲವರ್ಣದಲ್ಲಿ ಹಕ್ಕಿಗಳನ್ನು ಬರೆಯುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಲೈಕ್‌ಗಳಿಗೆ ಬರವಿಲ್ಲ, ಆದರೆ ಇದುವರೆಗೆ ಒಬ್ಬರೂ ಕೊಂಡಿಲ್ಲ. ಎಟ್ಸಿಯಲ್ಲಿ ಅಂಗಡಿ ತೆರೆಯಲಾ, ಸ್ವಂತ ವೆಬ್‌ಸೈಟ್ ಮಾಡಲಾ?

ನಿಮ್ಮ ಪುಟ ನೋಡಿದೆ. ಮಿಂಚುಳ್ಳಿಯ ಕೊಕ್ಕಿನ ಕೆಳಗೆ ಕಾಗದವನ್ನು ಖಾಲಿ ಬಿಟ್ಟಿದ್ದೀರಲ್ಲ, ಅದು ತುಂಬ ಹಿಡಿಸಿತು. ಆದರೆ ಒಂದು ಚಿತ್ರದ ಕೆಳಗೂ ಅದು ಮಾರಾಟಕ್ಕಿದೆ ಎಂದು ಬರೆದಿಲ್ಲ. ಅಳತೆ ಇಲ್ಲ, ಬೆಲೆ ಇಲ್ಲ. "ಇದು ಸಿಗುತ್ತಾ?" ಎಂದು ಯಾರೋ ಕೇಳಿದರೆ ಕೈಮುಗಿಯುವ ಚಿಹ್ನೆ ಹಾಕಿ ಸುಮ್ಮನಾಗಿದ್ದೀರಿ! ಅವರು ಗಿರಾಕಿ ಕಣ್ರೀ. ಅಂಗಡಿಯ ಮಾತು ಆಮೇಲೆ. ಇವತ್ತೇ ಕೂತು ಪ್ರತಿ ಚಿತ್ರದ ಕೆಳಗೆ ಅಳತೆ, ಕಾಗದ, ಬೆಲೆ, ಕಳಿಸುವ ಖರ್ಚು ಯಾರದು ಎಂದು ಬರೆಯಿರಿ. ಬೆಲೆ ಕೇಳೋಕೆ ನಾಚಿಕೊಂಡು ವಾಪಸ್ ಹೋಗುವವರು ಬಹಳ ಜನ.

ಈಗ ಅಂಗಡಿ. ಎಟ್ಸಿ ಎನ್ನುವುದು ಕೈಕೆಲಸದ ವಸ್ತುಗಳ ಆನ್‌ಲೈನ್ ಸಂತೆ, 2005ರಿಂದ ಇದೆ. ಕೈಯಿಂದ ಮಾಡಿದ ವಸ್ತುವನ್ನೇ ಹುಡುಕಿಕೊಂಡು ಬರುವವರು ಅಲ್ಲಿದ್ದಾರೆ, ಅದೇ ಅದರ ದೊಡ್ಡ ಲಾಭ. ಒಂದು ಚಿತ್ರ ಪಟ್ಟಿಗೆ ಹಾಕಲು 20 ಸೆಂಟ್, ಅದು 4 ತಿಂಗಳು ಇರುತ್ತದೆ. ಮಾರಾಟವಾದರೆ ಶೇ. 6.5 ಕಮಿಷನ್, ಅದೂ ಅಂಚೆ ಖರ್ಚನ್ನು ಸೇರಿಸಿ. ಚಿತ್ರಕ್ಕೆ 100, ಕಳಿಸಲು 20 ಎಂದಿಟ್ಟುಕೊಳ್ಳಿ. ಕಮಿಷನ್ 7.80 ಆಯಿತು. ಎಟ್ಸಿ ಹೊರಗೆ ಹಾಕಿದ ಜಾಹೀರಾತು ನೋಡಿ ಗಿರಾಕಿ ಬಂದಿದ್ದರೆ ಇನ್ನೊಂದು ಶೇ. 15, ಅಂದರೆ 18. ಒಟ್ಟು 25.80 ಹೋಯಿತು. ಹಣ ಪಾವತಿಯ ಶುಲ್ಕ ಬೇರೆ. ವರ್ಷದ ಮಾರಾಟ 10,000 ಡಾಲರ್ ದಾಟುವವರೆಗೆ ಆ ಜಾಹೀರಾತನ್ನು ಬೇಡ ಎನ್ನಬಹುದು. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಮೊದಲು ಅದನ್ನು ಆಫ್ ಮಾಡಿ. ದಾಟಿದ ಮೇಲೆ ದರ ಶೇ. 12ಕ್ಕೆ ಇಳಿಯುತ್ತದೆ, ಆದರೆ ಬೇಡ ಎನ್ನುವ ಹಾಗಿಲ್ಲ.

ಈ 6.5 ಮೊದಲು 5 ಇತ್ತು. 2022ರ ಏಪ್ರಿಲ್‌ನಲ್ಲಿ ಏರಿಸಿದಾಗ ಸಾವಿರಾರು ಮಂದಿ ಒಂದು ವಾರ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ದರ ಇಳಿಯಲಿಲ್ಲ. ಬಾಡಿಗೆ ಜಾಗದ ಪಾಡೇ ಇಷ್ಟು.

ಹಾಗಂತ ಅಲ್ಲಿಗೆ ಹೋಗಬೇಡಿ ಎನ್ನುತ್ತಿಲ್ಲ. ನನ್ನ ಲೆಕ್ಕ ಹೀಗಿದೆ: ನಿಮ್ಮ ಹೆಸರೇ ಗೊತ್ತಿಲ್ಲದವರು ಮೊದಲ ಸಲ ಕೊಳ್ಳುವುದು ಇಂಥ ದೊಡ್ಡ ಸಂತೆಗಳಲ್ಲೇ. ಆ ಮೊದಲ ಸಲಕ್ಕೆ ಕಮಿಷನ್ ಕೊಡೋಣ, ಅವರು ಗಿರಾಕಿಯನ್ನು ಕರೆತಂದಿದ್ದಾರೆ. ಆದರೆ ಅದೇ ಮನುಷ್ಯ ಎರಡನೇ ಸಲ ಬಂದಾಗ ನೇರ ನಿಮ್ಮ ಹತ್ತಿರವೇ ಬರುವಂತಿರಬೇಕು. ಕಲೆ ಮಾರಿ ಬದುಕುವವರನ್ನು ನೋಡಿ, ಅವರ ಸಂಪಾದನೆ ಬಹುಪಾಲು ಹೀಗೆ ಮತ್ತೆ ಬಂದವರಿಂದಲೇ.

ಅದಕ್ಕೆ ಎರಡು ಬೇಕು. ಒಂದು, ಸ್ವಂತ ಸಣ್ಣ ಅಂಗಡಿ. ಬಿಗ್ ಕಾರ್ಟೆಲ್ ಕಲಾವಿದರಿಗೆಂದೇ ಇರುವುದು, 5 ವಸ್ತುಗಳವರೆಗೆ ಉಚಿತ. ನಿಮಗೆ ಸದ್ಯಕ್ಕೆ ಅಷ್ಟು ಸಾಕು. ವರ್ಡ್‌ಪ್ರೆಸ್ ಗೊತ್ತಿದ್ದರೆ ಅದಕ್ಕೆ ಅಂಗಡಿ ಸೇರಿಸುವ ವೂಕಾಮರ್ಸ್ ಹಾಕಿಕೊಳ್ಳಬಹುದು. ಶಾಪಿಫೈಗೆ ತಿಂಗಳ ಶುಲ್ಕವಿದೆ, ಮಾರಾಟ ಶುರುವಾಗುವ ಮೊದಲೇ ಅದು ಬೇಡ. ಎರಡು, ಇಮೇಲ್ ಪಟ್ಟಿ. ಇನ್‌ಸ್ಟಾಗ್ರಾಂ ನಾಳೆ ನಿಮ್ಮ ಪೋಸ್ಟನ್ನು ಯಾರಿಗೆ ತೋರಿಸುತ್ತದೋ ನಿಮ್ಮ ಕೈಯಲ್ಲಿಲ್ಲ. ಇಮೇಲ್ ಹಾಗಲ್ಲ, ಕಳಿಸಿದರೆ ಅವರ ಡಬ್ಬಿಗೆ ಹೋಗಿ ಬೀಳುತ್ತದೆ. ಪಾರ್ಸೆಲ್ ಒಳಗೆ ಕೈಬರಹದ ಚೀಟಿ ಇಡಿ: "ಹೊಸ ಹಕ್ಕಿ ಬಂದಾಗ ತಿಳಿಸಲಾ? ಇಲ್ಲಿ ಹೆಸರು ಬರೆಯಿರಿ." ಅವರು ತಾವೇ ಬರೆದುಕೊಳ್ಳಬೇಕು. ಆರ್ಡರ್‌ನಲ್ಲಿ ಸಿಕ್ಕ ಇಮೇಲನ್ನು ಕೇಳದೆ ಪಟ್ಟಿಗೆ ಸೇರಿಸಿದರೆ ಎಟ್ಸಿಯ ನಿಯಮ ಮುರಿದಂತೆ. ಅಲ್ಲಿನ ಚಾಟ್‌ನಲ್ಲೇ ಗಿರಾಕಿಯನ್ನು ಹೊರಗೆಳೆದು ವ್ಯಾಪಾರ ಮುಗಿಸಲು ಹೋದರೆ ಅಂಗಡಿಯನ್ನೇ ಮುಚ್ಚಿಸಬಹುದು.

ಪ್ರಶ್ನೆ: ತೈಲವರ್ಣಕ್ಕೆ ವಾರ್ನಿಷ್ ಹಾಕುತ್ತೇನೆ. ಮೊಬೈಲ್‌ನಲ್ಲಿ ಫೋಟೊ ತೆಗೆದರೆ ನಡುವೆ ಬಿಳಿ ಹೊಳಪು ಬರುತ್ತದೆ, ಅಂಚುಗಳು ಬಾಗಿದಂತೆ ಕಾಣುತ್ತವೆ. ಒಳ್ಳೆಯ ಕ್ಯಾಮೆರಾ ಕೊಳ್ಳಲೇಬೇಕಾ?

ಬೇಡ. ಮೊದಲು ಮೊಬೈಲ್‌ನ ಫ್ಲ್ಯಾಶ್ ಆರಿಸಿ. ಅಂಚು ಬಾಗುವುದು ವೈಡ್ ಲೆನ್ಸಿನಿಂದ. ನಾಲ್ಕು ಹೆಜ್ಜೆ ಹಿಂದೆ ಹೋಗಿ 2ಎಕ್ಸ್ ಲೆನ್ಸ್‌ನಲ್ಲಿ ತೆಗೆಯಿರಿ. ಚಿತ್ರವನ್ನು ಗೋಡೆಗೆ ನೇರ ನಿಲ್ಲಿಸಿ, ಲೆನ್ಸ್ ಚಿತ್ರದ ನಟ್ಟನಡುವಿನ ಎತ್ತರಕ್ಕಿರಲಿ. ಎಡಕ್ಕೊಂದು ಬಲಕ್ಕೊಂದು ಒಂದೇ ಬಗೆಯ ದೀಪ, ಎರಡೂ 45 ಡಿಗ್ರಿ ಕೋನದಲ್ಲಿ. ಬೆಳಕು ಚಿತ್ರಕ್ಕೆ ಬಡಿದು ಆಚೆ ಬದಿಗೆ ಹೋಗುತ್ತದೆ, ಲೆನ್ಸಿನೊಳಕ್ಕೆ ಬರುವುದಿಲ್ಲ. ದೀಪ ಇಲ್ಲವೆಂದರೆ ಮೋಡ ಕವಿದ ದಿನ ಹೊರಗೆ ನೆರಳಲ್ಲಿ ಇಡಿ, ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಇನ್ನೂ ಹೊಳೆಯುತ್ತಿದ್ದರೆ ಪೋಲರೈಸಿಂಗ್ ಫಿಲ್ಟರ್ ಒಂದನ್ನು ಲೆನ್ಸಿನ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ. ಒಂದು ಕೋನದಲ್ಲಿ ಹೊಳಪು ತಟ್ಟನೆ ಕಡಿಮೆಯಾಗುತ್ತದೆ, ಕೆಳಗಿನ ಬಣ್ಣ ಎದ್ದು ಬರುತ್ತದೆ. ಇನ್ನೂ ಒಂದು ಉಪಾಯ, ಸಾಧ್ಯವಾದರೆ ವಾರ್ನಿಷ್ ಹಾಕುವ ಮೊದಲೇ ಫೋಟೊ ತೆಗೆದುಬಿಡಿ.

ಪಕ್ಕದಲ್ಲಿ ಬಿಳಿ ಹಾಳೆಯ ತುಂಡು ಇಟ್ಟು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಬಣ್ಣ ಸರಿಮಾಡುವಾಗ ಆ ಹಾಳೆ ಬೆಳ್ಳಗೆ ಕಾಣುವ ತನಕ ಸರಿಮಾಡಿದರಾಯಿತು. ಅಂಗಡಿಗೆ ಒಂದೇ ಫೋಟೊ ಹಾಕಬೇಡಿ. ಪೂರ್ತಿ ಚಿತ್ರ, ಬ್ರಷ್‌ನ ಗುರುತು ಕಾಣುವಷ್ಟು ಹತ್ತಿರದ್ದು, ಕ್ಯಾನ್ವಾಸಿನ ಪಕ್ಕದ ಅಂಚು, ಸಹಿ, ಮತ್ತೆ ಕುರ್ಚಿಯೊಂದರ ಮೇಲ್ಗಡೆ ಗೋಡೆಗೆ ತೂಗುಹಾಕಿದ್ದು. "ಇಷ್ಟು ಚಿಕ್ಕದು ಅಂದುಕೊಂಡಿರಲಿಲ್ಲ" ಎಂಬ ದೂರು ಆ ಕುರ್ಚಿಯ ಫೋಟೊದಿಂದಲೇ ನಿಲ್ಲುತ್ತದೆ.

ಪ್ರಶ್ನೆ: ಬೆಲೆ ಹೇಗೆ ಇಡುವುದು? ಕಡಿಮೆ ಹೇಳಿದರೆ ನನಗೇ ಬೇಜಾರು, ಜಾಸ್ತಿ ಹೇಳಿದರೆ ಗಿರಾಕಿ ಮಾಯ. ಕೇಳಿದವರೆಲ್ಲ ಡಿಸ್ಕೌಂಟ್ ಬೇರೆ ಕೇಳುತ್ತಾರೆ.

ಮೊದಲು ನಷ್ಟವಾಗದ ಬೆಲೆ ಯಾವುದು ಎಂದು ತಿಳಿದುಕೊಳ್ಳಿ. ಕ್ಯಾನ್ವಾಸ್, ಬಣ್ಣ, ಪ್ಯಾಕಿಂಗ್, ಕಮಿಷನ್, ಜತೆಗೆ ನಿಮ್ಮ ಗಂಟೆಗಳು. ಗಂಟೆಗೆ ಕೂಲಿ ಎಷ್ಟು ಎಂದು ನೀವೇ ಬರೆದುಕೊಳ್ಳಿ, ಸೊನ್ನೆ ಮಾತ್ರ ಬರೆಯಬೇಡಿ. ಇದಕ್ಕಿಂತ ಕೆಳಗೆ ಯಾವತ್ತೂ ಇಳಿಯಬಾರದು.

ಆಮೇಲೆ ಅಳತೆಗೆ ತಕ್ಕ ಒಂದು ದರ ಇಟ್ಟುಕೊಂಡರೆ ಪ್ರತಿ ಸಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಚದರ ಇಂಚಿಗೆ ಇಷ್ಟು ಎನ್ನುವವರಿದ್ದಾರೆ. ಅದರಲ್ಲಿ ಒಂದು ತೊಂದರೆ. 9×12 ಇಂಚಿನ ಚಿತ್ರ 108 ಚದರ ಇಂಚು, 18×24 ಇಂಚಿನದು 432. ಬೆಲೆ ನಾಲ್ಕು ಪಟ್ಟಾಯಿತು, ಕೆಲಸ ಅಷ್ಟಾಗಿರುವುದಿಲ್ಲ. ಉದ್ದ ಮತ್ತು ಅಗಲ ಕೂಡಿಸಿ ಇಂಚಿಗೆ ಇಷ್ಟು ಎಂದರೆ 21 ಮತ್ತು 42, ಎರಡು ಪಟ್ಟು ಮಾತ್ರ. ನನಗೆ ಈ ಎರಡನೆಯದೇ ಸರಿ ಎನಿಸುತ್ತದೆ. ಇದಕ್ಕಿಂತ ಮುಖ್ಯ, ಚಿತ್ರ ನಿಮಗೆ ಎಷ್ಟು ಇಷ್ಟ ಎನ್ನುವುದರ ಮೇಲೆ ಬೆಲೆ ಏರಿಳಿಯಬಾರದು. ಬಿಟ್ಟುಕೊಡಲು ಮನಸ್ಸಿಲ್ಲದ್ದನ್ನು ಮಾರಲೇಬೇಡಿ.

ಗ್ಯಾಲರಿಯಲ್ಲೂ ಇಡುತ್ತೀರಾದರೆ ಎರಡೂ ಕಡೆ ಒಂದೇ ಬೆಲೆ ಇರಲಿ. ಗ್ಯಾಲರಿಯವರು ಅರ್ಧದಷ್ಟು ಕಮಿಷನ್ ತೆಗೆದುಕೊಳ್ಳುವುದು ಸಾಮಾನ್ಯ. ನಿಮ್ಮ ಸೈಟಿನಲ್ಲಿ ಅದೇ ಚಿತ್ರ ಅರ್ಧ ಬೆಲೆಗೆ ಕಂಡರೆ ಮುಂದಿನ ಸಲ ಅವರು ನಿಮಗೆ ಗೋಡೆ ಕೊಡುವುದಿಲ್ಲ.

ಡಿಸ್ಕೌಂಟ್ ಕೇಳುವುದು ಅವರ ಅಭ್ಯಾಸ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾನು ಬೆಲೆ ಇಳಿಸುವುದಿಲ್ಲ. ಎರಡು ಕೊಂಡರೆ ಅಂಚೆ ಖರ್ಚು ನನ್ನದು ಎನ್ನುತ್ತೇನೆ, ಅಥವಾ ಚಿಕ್ಕದೊಂದು ಸ್ಕೆಚ್ ಜತೆಗಿಡುತ್ತೇನೆ. ಕಂತಿನಲ್ಲಿ ಕೊಡುತ್ತೇನೆ ಎಂದರೆ ಒಪ್ಪಿಕೊಳ್ಳಿ, ಆದರೆ ಕೊನೆಯ ಕಂತು ಬಂದ ಮೇಲೆ ಚಿತ್ರ ಕಳಿಸಿ.

ಪ್ರಶ್ನೆ: ವಿದೇಶದಿಂದ ಒಬ್ಬರು ಮೇಲ್ ಮಾಡಿದ್ದಾರೆ. ಮೂರು ಚಿತ್ರ ಬೇಕಂತೆ, ಬೆಲೆಯನ್ನೂ ಚೌಕಾಸಿ ಮಾಡಲಿಲ್ಲ! ಚೆಕ್ ಕಳಿಸುತ್ತಾರಂತೆ. ಸ್ವಲ್ಪ ಜಾಸ್ತಿ ಮೊತ್ತದ್ದು, ಉಳಿದಿದ್ದನ್ನು ಅವರ ಸಾಗಣೆದಾರನಿಗೆ ಕಳಿಸಬೇಕಂತೆ. ಒಪ್ಪಲಾ?

ಒಪ್ಪಬೇಡಿ. ಈ ಪತ್ರ ನನಗೂ ಬಂದಿದೆ, ನನಗೆ ಗೊತ್ತಿರುವ ಕಲಾವಿದರಿಗೆಲ್ಲ ಬಂದಿದೆ. ನಿಮಗೆ ಬಂದದ್ದರಲ್ಲಿ ಹೆಂಡತಿ ನಿಮ್ಮ ವೆಬ್‌ಸೈಟ್ ನೋಡುತ್ತಾ ಕೂತಿದ್ದಳು ಎಂದಿದೆಯಾ? ಮದುವೆಯ ವಾರ್ಷಿಕೋತ್ಸವಕ್ಕೆ ಅವಳಿಗೆ ಗೊತ್ತಾಗದ ಹಾಗೆ ಕೊಡಬೇಕು, ಬೇರೆ ದೇಶಕ್ಕೆ ಮನೆ ಬದಲಿಸುತ್ತಿದ್ದೇವೆ, ನಾನು ಹಡಗಿನಲ್ಲಿದ್ದೇನೆ, ಫೋನಿಗೆ ಸಿಗುವುದಿಲ್ಲ ಎಂದು? ಇದ್ದೇ ಇರುತ್ತದೆ. ಚಿತ್ರದ ಹೆಸರನ್ನು ಮಾತ್ರ ನಿಮ್ಮ ಪುಟದಿಂದ ಎತ್ತಿ ಹಾಕಿರುತ್ತಾರೆ. ಚಿತ್ರದ ಬಗ್ಗೆ ಒಂದು ಮಾತೂ ಇರುವುದಿಲ್ಲ. ಅಳತೆ ಕೇಳದೆ ಮೂರು ಚಿತ್ರ ಕೊಳ್ಳುವವರು ಯಾರಿದ್ದಾರೆ ಹೇಳಿ?

ಚೆಕ್ ನಕಲಿ. ಬ್ಯಾಂಕಿನಲ್ಲಿ ಹಾಕಿದ ಕೆಲವು ದಿನಗಳಲ್ಲಿ ಖಾತೆಯಲ್ಲಿ ದುಡ್ಡು ಬಂದಂತೆ ಕಾಣುತ್ತದೆ. ಅದನ್ನು ನಂಬಿ ನೀವು "ಸಾಗಣೆದಾರ"ನಿಗೆ ನಿಮ್ಮ ನಿಜವಾದ ದುಡ್ಡು ಕಳಿಸುತ್ತೀರಿ. ವಾರಗಳ ಮೇಲೆ ಚೆಕ್ ಸುಳ್ಳೆಂದು ಗೊತ್ತಾಗಿ ಬ್ಯಾಂಕ್ ಆ ಮೊತ್ತವನ್ನು ನಿಮ್ಮ ಖಾತೆಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಸಾಗಣೆದಾರ, ಗಂಡ, ಹೆಂಡತಿ ಎಲ್ಲ ಒಬ್ಬನೇ. ಪರೀಕ್ಷೆ ಮಾಡಬೇಕೆಂದರೆ ನಿಮ್ಮ ಅಂಗಡಿಯ ಲಿಂಕ್ ಕೊಟ್ಟು "ಇಲ್ಲೇ ಕೊಳ್ಳಿ, ಸಾಗಣೆ ನಾನೇ ನೋಡಿಕೊಳ್ಳುತ್ತೇನೆ" ಎನ್ನಿ. ಮತ್ತೆ ಸದ್ದೇ ಇರುವುದಿಲ್ಲ.

ಇದರದ್ದೇ ಇನ್ನೆರಡು ಅವತಾರಗಳಿವೆ. ನಿಮ್ಮ ಫೋಟೊ ನೋಡಿ ಗೋಡೆಚಿತ್ರ ಬರೆಯುತ್ತೇನೆ, ಅದಕ್ಕೆ ನಿಮಗೇ ಹಣ ಕೊಡುತ್ತೇನೆ ಎನ್ನುವವರು. ನಿಮ್ಮ ಚಿತ್ರವನ್ನು ಎನ್‌ಎಫ್‌ಟಿಯಾಗಿ (ಆನ್‌ಲೈನ್‌ನಲ್ಲಿ ದಾಖಲಾಗುವ ಡಿಜಿಟಲ್ ಒಡೆತನದ ಪತ್ರ) ದೊಡ್ಡ ಬೆಲೆಗೆ ಕೊಳ್ಳುತ್ತೇನೆ, ಮೊದಲು ಇಂಥ ಸೈಟಿನಲ್ಲಿ ಶುಲ್ಕ ಕಟ್ಟಿ ಎನ್ನುವವರು. ಆ ಸೈಟೂ ಅವರದ್ದೇ.

ಕಾರ್ಡ್‌ನಲ್ಲಿ ಕೊಂಡವರೂ ಆಮೇಲೆ "ಪಾರ್ಸೆಲ್ ಬಂದಿಲ್ಲ" ಎಂದು ಬ್ಯಾಂಕಿಗೆ ದೂರು ಕೊಟ್ಟು ದುಡ್ಡು ವಾಪಸ್ ಪಡೆಯಬಹುದು. ಸಾಮಾನ್ಯವಾಗಿ ಇದಕ್ಕೆ 120 ದಿನಗಳವರೆಗೆ ಅವಕಾಶವಿರುತ್ತದೆ. ಟ್ರ್ಯಾಕಿಂಗ್ ನಂಬರ್, ಸಹಿ ಪಡೆದ ರಸೀದಿ, ಪ್ಯಾಕ್ ಮಾಡಿದ ಫೋಟೊ ಅಲ್ಲಿಯವರೆಗೂ ಇಟ್ಟುಕೊಂಡಿರಿ.

ಪ್ರಶ್ನೆ: ಡಿಜಿಟಲ್ ಚಿತ್ರ ಬರೆಯುತ್ತೇನೆ. ಟೀ ಶರ್ಟ್, ಮಗ್, ಪೋಸ್ಟರ್ ಮೇಲೆ ಪ್ರಿಂಟ್ ಮಾಡಿ ಅವರೇ ಕಳಿಸುವ ಸೈಟುಗಳಿವೆಯಲ್ಲ, ಅವು ಲಾಭವಾ?

ಕೈಯಿಂದ ದುಡ್ಡು ಹಾಕಬೇಕಿಲ್ಲ, ಮನೆಯಲ್ಲಿ ಸರಕು ತುಂಬಿಕೊಳ್ಳಬೇಕಿಲ್ಲ. ಅಷ್ಟರ ಮಟ್ಟಿಗೆ ಲಾಭ. ಇದರಲ್ಲಿ ಎರಡು ಬಗೆ. ರೆಡ್‌ಬಬಲ್ ಥರದ್ದು ಅವರದ್ದೇ ಅಂಗಡಿ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಯಿತು. ನಿಮಗೆ ಸಿಗುವುದು ಬೆಲೆಯ ಮೇಲಿನ ಸಣ್ಣ ಪಾಲು. 2023ರಿಂದ ಕೆಳಗಿನ ಹಂತದ ಕಲಾವಿದರ ಗಳಿಕೆಯಿಂದ ಖಾತೆ ಶುಲ್ಕವನ್ನೂ ಮುರಿದುಕೊಳ್ಳುತ್ತಾರೆ. ಕೊಂಡವರು ಯಾರು ಎಂದು ನಿಮಗೆ ಗೊತ್ತೇ ಆಗುವುದಿಲ್ಲ. ಪ್ರಿಂಟ್‌ಫುಲ್, ಪ್ರಿಂಟಿಫೈ ಥರದವು ನಿಮ್ಮ ಅಂಗಡಿಯ ಹಿಂದೆ ಕೂತು ಪ್ರಿಂಟ್ ಮಾಡುತ್ತವೆ, ಗಿರಾಕಿ ನಿಮ್ಮವರಾಗಿಯೇ ಉಳಿಯುತ್ತಾರೆ. ಮೊದಲ ಪ್ರಶ್ನೆಗೆ ಬರೆದದ್ದನ್ನು ಓದಿದ್ದರೆ ನಾನು ಯಾವುದರ ಪರ ಎಂದು ಗೊತ್ತಾಗಿರುತ್ತದೆ.

ಫೈಲ್ ದೊಡ್ಡದಿರಲಿ. ಎ3 ಪೋಸ್ಟರ್ ಚೆನ್ನಾಗಿ ಬರಬೇಕೆಂದರೆ ಇಂಚಿಗೆ 300ರಂತೆ 3508×4961 ಪಿಕ್ಸೆಲ್ ಬೇಕು. ಪರದೆಯಲ್ಲಿ ಮಿಂಚುವ ಹಸಿರು, ಕಡುನೀಲಿ ಪ್ರಿಂಟ್‌ನಲ್ಲಿ ಮಂಕಾಗುತ್ತವೆ. ಶಾಯಿಯಲ್ಲಿ ಆ ಬಣ್ಣ ಹುಟ್ಟುವುದೇ ಇಲ್ಲ. ಹಾಗಾಗಿ ಮಾರಾಟಕ್ಕಿಡುವ ಮುಂಚೆ ಒಂದೊಂದನ್ನು ನಿಮಗೇ ತರಿಸಿಕೊಂಡು ನೋಡಿ. ಟೀ ಶರ್ಟನ್ನು ಒಗೆದೂ ನೋಡಿ.

ಜತೆಗೆ, ಒಂದಷ್ಟು ಪ್ರಿಂಟ್‌ಗಳನ್ನು ಒಳ್ಳೆಯ ಕಾಗದದ ಮೇಲೆ ನೀವೇ ಮಾಡಿಸಿ, ಸಹಿ ಹಾಕಿ, 1/50, 2/50 ಎಂದು ನಂಬರ್ ಕೊಟ್ಟು ಮಾರಿ. ಮಗ್ ಕೊಳ್ಳುವವರೇ ಬೇರೆ, ಇದನ್ನು ಕೊಳ್ಳುವವರೇ ಬೇರೆ. ಆದರೆ 50 ಎಂದ ಮೇಲೆ 50. ನನ್ನ ಲಿನೋ ಹಾಳೆಯ ಮೇಲೆ ಕೊನೆಯ ಪ್ರಿಂಟ್ ತೆಗೆದ ಮೇಲೆ ಉಳಿಯಿಂದ ಅಡ್ಡ ಗೀಟು ಹಾಕಿಬಿಡುತ್ತೇನೆ, ಮತ್ತೆ ಆಸೆ ಹುಟ್ಟಬಾರದು ನೋಡಿ.

ಪ್ರಶ್ನೆ: ನಮ್ಮದು ಸಣ್ಣ ಬ್ಯಾಂಡ್, ಸ್ವಂತ ಹಾಡುಗಳು. ಸ್ಟ್ರೀಮಿಂಗ್‌ನಿಂದ ಚಿಲ್ಲರೆಯೂ ಬರುತ್ತಿಲ್ಲ. ಚಿತ್ರಕಾರರಿಗೆ ಮಾತ್ರ ಉತ್ತರ ಕೊಡುತ್ತೀರಾ?

ಕೊಡೋಣ ಬನ್ನಿ. ಸ್ಪಾಟಿಫೈನಲ್ಲಿ 2024ರಿಂದ ಒಂದು ನಿಯಮವಿದೆ. ಹಿಂದಿನ 12 ತಿಂಗಳಲ್ಲಿ ಒಂದು ಹಾಡನ್ನು ಕಡೇಪಕ್ಷ 1,000 ಸಲ ಕೇಳಿರದಿದ್ದರೆ ಆ ಧ್ವನಿಮುದ್ರಣಕ್ಕೆ ರಾಯಲ್ಟಿಯೇ ಇಲ್ಲ. ಅಲ್ಲಿ ಹಾಡು ಇರಲಿ, ಜನ ಹುಡುಕಿದರೆ ಸಿಗಬೇಕು. ದುಡ್ಡಿಗೆ ಮಾತ್ರ ಬ್ಯಾಂಡ್‌ಕ್ಯಾಂಪ್ ನೋಡಿ, ಕೇಳುಗರು ಹಾಡನ್ನು ನೇರ ಬ್ಯಾಂಡಿನಿಂದಲೇ ಕೊಳ್ಳುವ ಸೈಟು ಅದು. ಅವರ ಕಮಿಷನ್ ಡಿಜಿಟಲ್ ಮಾರಾಟಕ್ಕೆ ಶೇ. 15, ಮಾರಾಟ 5,000 ಡಾಲರ್ ಮುಟ್ಟಿದ ಮೇಲೆ ಶೇ. 10. ಕ್ಯಾಸೆಟ್, ಟೀ ಶರ್ಟ್‌ಗೆ ಶೇ. 10. ಪಾವತಿ ಶುಲ್ಕ ಬೇರೆ. "ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಕೊಡಿ" ಎಂದು ಬೆಲೆ ಇಡಬಹುದು. ಜಾಸ್ತಿ ಕೊಡುವವರು ನಿಜಕ್ಕೂ ಇದ್ದಾರೆ. 2020ರ ಮಾರ್ಚ್ 20ರಂದು ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ ಕಂಪನಿಯವರು ತಮ್ಮ ಪಾಲು ಬಿಟ್ಟುಕೊಡುತ್ತಾರೆ. ಹೊಸ ಆಲ್ಬಮ್ಮನ್ನು ಅಂಥ ಶುಕ್ರವಾರಕ್ಕೇ ಇಟ್ಟುಕೊಳ್ಳಿ. ಕಂಪನಿ 2022ರಲ್ಲಿ ಒಬ್ಬರ ಕೈಗೆ, 2023ರಲ್ಲಿ ಇನ್ನೊಬ್ಬರ ಕೈಗೆ ಹೋಗಿದೆ. ಹಾಗಾಗಿ ಕೊಂಡವರ ಇಮೇಲ್ ಪಟ್ಟಿಯನ್ನು ಆಗಾಗ ಇಳಿಸಿ ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ.

ಪ್ರಶ್ನೆ: ಆನ್‌ಲೈನ್‌ಗೆ ಹಾಕಿದರೆ ಕದಿಯುತ್ತಾರೆ, ಎಐ ಬೇರೆ ನುಂಗುತ್ತದೆ. ಹಾಕುವುದಾ ಬೇಡವಾ?

ಹಾಕದಿದ್ದರೆ ಕದಿಯುವವರೂ ಇಲ್ಲ, ಕೊಳ್ಳುವವರೂ ಇಲ್ಲ. 1080 ಪಿಕ್ಸೆಲ್ ಅಗಲದ್ದು ಹಾಕಿ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಅದನ್ನು ಚೊಕ್ಕವಾಗಿ ಪ್ರಿಂಟ್ ಮಾಡಿದರೆ 3.6 ಇಂಚು ಅಗಲ ಬರುತ್ತದೆ. ಮಾಡಿಕೊಳ್ಳಲಿ ಬಿಡಿ. ಚಿತ್ರದ ನಡುವೆ ದೊಡ್ಡ ವಾಟರ್‌ಮಾರ್ಕ್ ಹಾಕಿ ಕೊಳ್ಳುವವರ ಕಣ್ಣಿಗೂ ಮಣ್ಣೆರಚಬೇಡಿ, ಮೂಲೆಯಲ್ಲಿ ಹೆಸರು ಸಾಕು. ಎಐ ತರಬೇತಿಗೆ ಅಡ್ಡಿ ಮಾಡಲು ಷಿಕಾಗೊ ವಿಶ್ವವಿದ್ಯಾಲಯದವರ ಗ್ಲೇಜ್, ನೈಟ್‌ಶೇಡ್ ಎಂಬ ಉಚಿತ ಸಾಫ್ಟ್‌ವೇರ್‌ಗಳಿವೆ. ಪೂರ್ತಿ ರಕ್ಷಣೆ ಎಂದೇನಲ್ಲ. ಟಿನ್‌ಐ, ಗೂಗಲ್ ಲೆನ್ಸ್‌ನಲ್ಲಿ ಆಗಾಗ ನಿಮ್ಮ ಚಿತ್ರ ಹುಡುಕಿ ನೋಡಿ. ಯಾರೋ ಮಾರುತ್ತಿದ್ದರೆ ಆ ಸೈಟಿನ ಕಾಪಿರೈಟ್ ದೂರಿನ ಫಾರಂ ತುಂಬಿ. ಅದಕ್ಕೆ ಪುರಾವೆ ಬೇಕು, ಕರಡು ಸ್ಕೆಚ್‌ಗಳನ್ನೂ ಲೇಯರ್ ಇರುವ ಫೈಲನ್ನೂ ಎಸೆಯಬೇಡಿ.

ಇದರ ಜತೆಗೇ ಇನ್ನೊಬ್ಬರು ಕೇಳಿದ್ದಾರೆ, ಚಿತ್ರ ಕೊಂಡವರು ಅದನ್ನು ಕ್ಯಾಲೆಂಡರ್‌ನಲ್ಲಿ ಹಾಕಿಕೊಳ್ಳಬಹುದಾ ಎಂದು. ಇಲ್ಲ. ಮಾರಿದ್ದು ಚಿತ್ರ, ಕಾಪಿರೈಟ್ ನಿಮ್ಮದೇ. ಬೇಕಿದ್ದರೆ ಬೇರೆ ದುಡ್ಡು ತೆಗೆದುಕೊಂಡು, ಎಷ್ಟು ಪ್ರತಿ, ಎಷ್ಟು ದಿನ ಎಂದು ಬರೆದು ಒಪ್ಪಿಗೆ ಕೊಡಿ.

ಪ್ರಶ್ನೆ: ಎನ್‌ಎಫ್‌ಟಿ ಈಗಲೂ ಮಾಡಬಹುದಾ?

2021ರಲ್ಲಿ ಬೀಪಲ್ ಎಂಬ ಡಿಜಿಟಲ್ ಕಲಾವಿದರದ್ದು 69 ದಶಲಕ್ಷ ಡಾಲರ್‌ಗೆ ಹೋದದ್ದು ನಿಜ. ಆ ಗಾಳಿ ಇಳಿದಿದೆ. ಮರುಮಾರಾಟದಲ್ಲೂ ಪಾಲು ಬರುತ್ತದೆ ಎಂಬ ಆಸೆಗೆ ಬಹಳ ಜನ ಹೋಗಿದ್ದರು. 2023ರಲ್ಲಿ ಎನ್‌ಎಫ್‌ಟಿ ಮಾರುವ ಸೈಟಾದ ಓಪನ್‌ಸೀ ಆ ಪಾಲನ್ನು ಕೊಟ್ಟರೆ ಕೊಡಿ ಎನ್ನುವ ಹಾಗೆ ಮಾಡಿತು. ನಾನಾದರೆ ಆ ಸಮಯದಲ್ಲಿ ಇನ್ನೊಂದು ಚಿತ್ರ ಬರೆಯುತ್ತೇನೆ.

ಪ್ರಶ್ನೆ: ಮೊದಲ ವಿದೇಶಿ ಆರ್ಡರ್ ಬಂದಿದೆ! ದೊಡ್ಡ ಅಕ್ರಿಲಿಕ್ ಕ್ಯಾನ್ವಾಸ್. ಹೇಗೆ ಕಳಿಸಲಿ?

ಶುಭವಾಗಲಿ. ಬಣ್ಣ ಪೂರ್ತಿ ಒಣಗಿರಲಿ. ಚೌಕಟ್ಟಿನಿಂದ ಬಿಡಿಸಿ ಸುತ್ತಿ ಕಳಿಸುವುದೇ ಅಗ್ಗ. ಸುತ್ತುವಾಗ ಬಣ್ಣದ ಬದಿ ಹೊರಗಿರಬೇಕು. ಎಲ್ಲರೂ ಬಣ್ಣ ಹಾಳಾಗಬಾರದೆಂದು ಒಳಗೆ ಮಾಡಿ ಸುತ್ತುತ್ತಾರೆ, ಆಗ ಬಣ್ಣ ಮುದುಡಿ ಮಡಿಕೆ ಬೀಳುತ್ತದೆ. ಬಣ್ಣದ ಮೇಲೆ ಗ್ಲಾಸೀನ್ ಎಂಬ ನುಣುಪಾದ ತೆಳು ಕಾಗದ ಹಾಸಿ, ಅದರ ಮೇಲೆ ಬಬಲ್ ರ‍್ಯಾಪ್. ಬಬಲ್ ನೇರ ಬಣ್ಣಕ್ಕೆ ತಾಗಿದರೆ ಬಿಸಿಲಿಗೆ ಅಕ್ರಿಲಿಕ್ ಮೆತ್ತಗಾಗಿ ಗುಂಡುಗುಂಡು ಅಚ್ಚು ಮೂಡುತ್ತದೆ, ಅದು ಮತ್ತೆ ಹೋಗುವುದಿಲ್ಲ. ಕೊಳವೆ ಆದಷ್ಟು ದಪ್ಪದ್ದಿರಲಿ. ದಪ್ಪ ಬಣ್ಣ ಮೆತ್ತಿದ ಚಿತ್ರವಾದರೆ ಸುತ್ತಲೇಬೇಡಿ, ಚಪ್ಪಟೆ ಪೆಟ್ಟಿಗೆ ಮಾಡಿಸಿ. ಗಾಜು ಹಾಕಿದ ಫ್ರೇಮ್ ಕಳಿಸುವ ಸಾಹಸ ಬೇಡ.

ಕಸ್ಟಮ್ಸ್ ಚೀಟಿಯಲ್ಲಿ "ಗಿಫ್ಟ್" ಎಂದು ಬರೆಯಿರಿ ಎಂದು ಕೆಲವರು ಕೇಳುತ್ತಾರೆ. ಅದು ಸುಳ್ಳು ಘೋಷಣೆ, ಕಳೆದುಹೋದರೆ ವಿಮೆಯೂ ಸಿಗುವುದಿಲ್ಲ. ಕಸ್ಟಮ್ಸ್‌ನವರು ಸರಕಿನ ಬಗೆ ಗುರುತಿಸುವ ಸಂಖ್ಯೆಗೆ ಎಚ್‌ಎಸ್ ಕೋಡ್ ಎನ್ನುತ್ತಾರೆ. ಕೈಯಿಂದ ಬರೆದ ಮೂಲಚಿತ್ರಕ್ಕೆ ಅದು 9701. ನನ್ನ ಲಿನೋಕಟ್ ಥರದ ಮೂಲ ಮುದ್ರಣಗಳಿಗೆ 9702. ಮೆಷಿನ್ನಲ್ಲಿ ಪ್ರಿಂಟ್ ಮಾಡಿದ ಪೋಸ್ಟರ್‌ಗೆ 4911. ಬಹಳ ದೇಶಗಳಲ್ಲಿ ಈ ಮೂರಕ್ಕೆ ತೆರಿಗೆ ಬೇರೆ ಬೇರೆ, ಹಾಗಾಗಿ ಸುಮ್ನೆ "ಆರ್ಟ್" ಎಂದು ಬರೆಯದೆ ಕೋಡ್ ಹಾಕಿ. ಅಮೆರಿಕಕ್ಕೆ ಮುಂಚೆ 800 ಡಾಲರ್‌ವರೆಗಿನ ಪಾರ್ಸೆಲ್ ಸುಂಕವಿಲ್ಲದೆ ಹೋಗುತ್ತಿತ್ತು. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ನಿಂತಿದೆ. ನಿಮ್ಮ ಗಿರಾಕಿ ಅಲ್ಲಿಯವರಾದರೆ ಆ ಕೋಡ್‌ಗೆ ಈಗ ಸುಂಕ ಬೀಳುತ್ತದಾ ಎಂದು ಕೊರಿಯರ್‌ನವರನ್ನು ಕೇಳಿ. ಬಿದ್ದರೆ ಯಾರು ಕಟ್ಟುವುದು ಎಂದು ಅವರಿಗೆ ಇವತ್ತೇ ಬರೆಯಿರಿ, ಉತ್ತರ ಬಂದ ಮೇಲೆ ಪ್ಯಾಕ್ ಮಾಡಿ.